ಶೇಂಗಾ ಎಲೆಗೆ ಚುಕ್ಕೆ ಬಂತು ಅಂದ್ರೆ ಗಿಡ ಸೋತಿದೆ ಅಂತಾನಾ?

 

ಈ ಎಪಿಸೋಡ್‌ಗೆ ಕಾರಣ ಹಿರಿಯೂರು ಕಡೆಯ ನಮ್ಮ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ ಒಂದು ಫೋಟೋ. ಶೇಂಗಾ ಎಲೆ, ಅದರ ಮೇಲೆ ಕಪ್ಪು ಚುಕ್ಕೆ. ಹಿಂದೇನೇ ಫೋನ್ ಬಂತು. "ನೋಡಪ್ಪಾ, ರೋಗ ತಡೆಯೋ ತಳಿ ಅಂತ ಹೇಳಿ ಬೀಜ ಕೊಟ್ರು. ಎಲೆ ಮೇಲೆ ಚುಕ್ಕೆ ಐತೆ. ನನ್ನ ದುಡ್ಡು ಹೋತು." ನಾನು ಬಿ.ಕಾಂ ಓದಿದವನು. ಗೊತ್ತಿಲ್ಲದಿದ್ರೂ ತಕ್ಷಣ "ಮೋಸ ಆಗಿರಬೇಕು ಚಿಕ್ಕಪ್ಪ" ಅಂದುಬಿಟ್ಟೆ. ತಪ್ಪು ನಂದೇ. ಓದ್ತಾ ಹೋದ ಹಾಗೆ ಗೊತ್ತಾಯ್ತು, ಬೀಜ ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು.

ಶೇಂಗಾದ ಎಲೆಚುಕ್ಕೆಗೆ ನಮ್ಮಲ್ಲಿ ಟಿಕ್ಕಾ ರೋಗ ಅಂತಾರೆ. ತರೋದು ಶಿಲೀಂಧ್ರ, ಅಂದ್ರೆ ಬೂಷ್ಟಿನ ಜಾತಿ. ಅದರ ಬೀಜಕಣಗಳು ಗಾಳಿ ಮತ್ತು ಮಳೆಹನಿ ಜೊತೆ ಬಂದು ಎಲೆ ಮೇಲೆ ಕೂರುತ್ತವೆ. ಎಲೆ ಗಂಟೆಗಟ್ಟಲೆ ಒದ್ದೆ ಇದ್ರೆ ಮೊಳೆತು ಒಳಗೆ ನುಗ್ಗುತ್ತವೆ. ಜೋರಾಗಿ ಬಂದ ವರ್ಷ ಕಾಯಿ ತುಂಬೋ ಹೊತ್ತಿಗೇ ಎಲೆ ಉದುರಿ, ಅರ್ಧಕ್ಕಿಂತ ಹೆಚ್ಚು ಇಳುವರಿ ಹೋಗಬಹುದು.

ಈಗ ಗಿಡದ ಕಡೆ ನೋಡಿ. ನಮ್ಮ ರಕ್ತದಲ್ಲಿ ರೋಗದ ಜೊತೆ ಹೊಡೆದಾಡೋಕೆ ಓಡಾಡೋ ಕಣಗಳಿವೆ. ಗಿಡಕ್ಕೆ ಆ ಪೊಲೀಸ್ ಜೀಪ್ ಇಲ್ಲ, ಪ್ರತಿ ಜೀವಕೋಶವೂ ತನ್ನ ಮನೆ ತಾನೇ ಕಾಯಬೇಕು. ಮೊದಲ ತಡೆ ಎಲೆ ಮೇಲಿನ ಮೇಣ, ಆಮೇಲೆ ಕೋಶದ ಗೋಡೆ. ಗೋಡೆಯ ಒಳಪೊರೆಯಲ್ಲಿ ಕಾವಲು ಪ್ರೋಟೀನುಗಳಿವೆ. ಶಿಲೀಂಧ್ರದ ಕೋಶದ ಗೋಡೆಯಲ್ಲಿ ಕೈಟಿನ್ ಎಂಬ ವಸ್ತು ಇರುತ್ತೆ, ಏಡಿ ಚಿಪ್ಪಿನಲ್ಲಿರೋದೂ ಅದೇ. ಗಿಡದ ಮೈಯಲ್ಲಿ ಕೈಟಿನ್ ಇಲ್ಲ. ಹಾಗಾಗಿ ಅದರ ಚೂರು ಸಿಕ್ಕಿದ ಕೂಡಲೇ ಹೊರಗಿನವನು ಬಂದ ಅಂತ ಕೋಶಕ್ಕೆ ಗೊತ್ತಾಗುತ್ತೆ. ಗೋಡೆ ದಪ್ಪ ಮಾಡುತ್ತೆ, ಕೈಟಿನ್ ಕತ್ತರಿಸೋ ಕಿಣ್ವ ಬಿಡುತ್ತೆ, ಬೂಷ್ಟಿಗೆ ವಿಷವಾಗೋ ರಾಸಾಯನಿಕ ತಯಾರಿಸುತ್ತೆ. (ಹೊಳಲ್ಕೆರೆ ಅಡಿಕೆಯವರು ಕೊಳೆರೋಗದ ಬಗ್ಗೆ ಕೇಳ್ತಾನೇ ಇರ್ತೀರಿ. ಅದನ್ನ ತರೋ ಫೈಟಾಫ್ತೊರಾ ನೋಡೋಕೆ ಬೂಷ್ಟು, ಆದ್ರೆ ಶಿಲೀಂಧ್ರ ಅಲ್ಲ. ಅದರ ಗೋಡೆ ಹೆಚ್ಚಾಗಿ ಸೆಲ್ಯುಲೋಸ್ ಥರದ್ದು. ಅದಕ್ಕೆ ಇನ್ನೊಂದು ಎಪಿಸೋಡೇ ಬೇಕು.)

ಶಿಲೀಂಧ್ರವೂ ಸುಮ್ಮನೆ ಕೂರಲ್ಲ, ಈ ಅಲಾರಂ ಆಫ್ ಮಾಡೋ ಪ್ರೋಟೀನುಗಳನ್ನ ಒಳಗೆ ಕಳಿಸುತ್ತೆ. ರೋಗನಿರೋಧಕ ತಳಿಗಳಲ್ಲಿ ಅಂಥ ಪ್ರೋಟೀನನ್ನೇ ಗುರುತಿಸೋ ಎರಡನೇ ಕಾವಲು ಇರಬಹುದು. ಆಗ ಸೋಂಕು ತಗುಲಿದ ಕೋಶ ತಾನೇ ಸತ್ತುಬಿಡುತ್ತೆ. ತುಕ್ಕು ರೋಗದ ಶಿಲೀಂಧ್ರಕ್ಕೆ ಬದುಕಿರೋ ಕೋಶವೇ ಊಟ, ಕೋಶ ಸತ್ರೆ ಅದು ಉಪವಾಸ.

ಟಿಕ್ಕಾದಲ್ಲಿ ಲೆಕ್ಕ ಬೇರೆ. ಇಲ್ಲಿ ಗಿಡ ರೋಗಾನ ಪೂರ್ತಿ ತಡೆಯಲ್ಲ, ನಿಧಾನ ಮಾಡುತ್ತೆ. ಚುಕ್ಕೆ ಕಾಣೋಕೆ ಹೆಚ್ಚು ದಿನ ಹಿಡಿಯುತ್ತೆ, ಚುಕ್ಕೆ ಚಿಕ್ಕದಿರುತ್ತೆ, ಅದರಿಂದ ಹಾರೋ ಬೀಜಕಣ ಕಡಿಮೆ. ಇಷ್ಟೇನಾ ಅಂತ ನನಗೂ ಅನ್ನಿಸ್ತು. ಆಮೇಲೆ ಕ್ಯಾಲ್ಕುಲೇಟರ್ ತೆಗೆದೆ. ಇವು ಉದಾಹರಣೆಗೆ ನಾನೇ ಇಟ್ಟುಕೊಂಡ ಅಂಕಿ: ಒಂದು ಚುಕ್ಕೆಯಿಂದ 12 ದಿನಕ್ಕೆ 10 ಹೊಸ ಚುಕ್ಕೆ ಹುಟ್ಟಿದ್ರೆ, 60 ದಿನದಲ್ಲಿ ಐದು ಸುತ್ತು, ಕೊನೇ ಸುತ್ತಿಗೆ 1 ಲಕ್ಷ. ಸುತ್ತು 20 ದಿನಕ್ಕೆ ಹಿಗ್ಗಿದ್ರೆ ಮೂರೇ ಸುತ್ತು, 1,000. ಜೊತೆಗೆ 10ರ ಬದಲು 5 ಹುಟ್ಟಿದ್ರೆ? ಬರೀ 125. ಚಕ್ರಬಡ್ಡಿ ಸ್ವಾಮಿ! ಬಡ್ಡಿ ದರ ಮತ್ತು ಕಂತು ಎರಡನ್ನೂ ಗಿಡ ಸ್ವಲ್ಪ ಸ್ವಲ್ಪ ಇಳಿಸಿದೆ, ಅಷ್ಟೆ.

ಚಿಕ್ಕಪ್ಪ ಹಾಕಿದ್ದು ಜಿಪಿಬಿಡಿ-4. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಎಂ.ವಿ.ಸಿ. ಗೌಡ ಮತ್ತು ತಂಡ ಬೆಳೆಸಿದ ತಳಿ, ಟಿಕ್ಕಾ ಮತ್ತು ತುಕ್ಕು ಎರಡನ್ನೂ ತಾಳಿಕೊಳ್ಳುತ್ತೆ. ಈ ಗುಣ ಬಂದಿರೋದು ದಕ್ಷಿಣ ಅಮೆರಿಕದ ಬೊಲಿವಿಯಾದ ಒಂದು ಕಾಡು ಶೇಂಗಾದಿಂದ. ಹೆಸರು ಅರಾಕಿಸ್ ಕಾರ್ಡಿನಾಸಿ. ಕಾಡಿನದಕ್ಕೆ 20 ಕ್ರೋಮೋಸೋಮ್, ಹೊಲದ ಶೇಂಗಾಕ್ಕೆ 40. ಕೂಡಿಸಿದ್ರೆ ಹುಟ್ಟೋ ಗಿಡ ಬಂಜೆ. 1960ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ವಿಜ್ಞಾನಿಗಳು ಕ್ರೋಮೋಸೋಮ್ ಸಂಖ್ಯೆ ದುಪ್ಪಟ್ಟು ಮಾಡಿ ಆ ಗೋಡೆ ದಾಟಿದ್ರು. ಕಾಡಿನ ಗುಣ ಇರೋ ಒಂದು ಸಾಲು ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್‌ನಿಂದ ಧಾರವಾಡಕ್ಕೆ ಬಂತು, ಅಲ್ಲಿ ಕೆಆರ್‌ಜಿ-1 ತಳಿ ಜೊತೆ ಕೂಡಿತು. ಬೊಲಿವಿಯಾ ಕಾಡಿನಿಂದ ಹಿರಿಯೂರಿನ ಹೊಲಕ್ಕೆ!

ಹಾಗಾದ್ರೆ ಎಲ್ಲರೂ ಯಾಕೆ ಬೆಳೆಯಲ್ಲ? ನಮ್ಮ ಕಡೆ ಇವತ್ತಿಗೂ ಟಿಎಂವಿ-2 ಬಿತ್ತೋರಿದ್ದಾರೆ. 1940ರಲ್ಲಿ ತಮಿಳುನಾಡಿನ ತಿಂಡಿವನಂನಿಂದ ಬಂದ ತಳಿ, ಟಿಕ್ಕಾಕ್ಕೆ ಸುಲಭದ ತುತ್ತು. ಆದ್ರೆ ಬೇಗ ಬರುತ್ತೆ, ಕಡಿಮೆ ಮಳೆಗೆ ಹೊಂದುತ್ತೆ, ಮಾರೋರಿಗೂ ಕೊಳ್ಳೋರಿಗೂ ಗೊತ್ತಿರೋ ಕಾಯಿ. ಅದನ್ನ ಬಿಡದವರನ್ನ ಹಠಮಾರಿ ಅಂತ ನಾನಂತೂ ಕರೆಯಲ್ಲ. ಇನ್ನೊಂದು ಕಾರಣ ಬೀಜದ್ದು. ಹೊಸದುರ್ಗದವರು ಒಂದು ಎಕರೆ ರಾಗಿಗೆ 4-5 ಕೆಜಿ ಬೀಜ ಸಾಕು ಅಂತಾರೆ, ಶೇಂಗಾಕ್ಕೆ 40-50 ಕೆಜಿ ಬೇಕು. ಹೊಸ ತಳಿ ಹಳ್ಳಿ ತುಂಬೋಕೆ ವರ್ಷಗಳೇ ಹಿಡಿಯುತ್ತೆ. ಅದಕ್ಕೇ ಇರಬೇಕು, ಜಿಪಿಬಿಡಿ-4ರ ರೋಗನಿರೋಧಕ ಗುಣವನ್ನ ಟಿಎಂವಿ-2ಕ್ಕೇ ಸೇರಿಸೋ ಕೆಲಸವೂ ಧಾರವಾಡದಲ್ಲಿ ನಡೆದಿದೆ.

90 ದಿನ ಆದ ಮೇಲೆ ಚಿಕ್ಕಪ್ಪ ಇನ್ನೊಂದು ಫೋಟೋ ಕಳಿಸಿದ್ರು. ಪಕ್ಕದ ಹೊಲದಲ್ಲಿ ಬರೀ ಕಡ್ಡಿ ನಿಂತಿತ್ತು. ಇವರ ಗಿಡದಲ್ಲಿ ಚುಕ್ಕೆ ಇತ್ತು, ಎಲೆಯೂ ಇತ್ತು. ಕಿತ್ತ ಮೇಲೆ ಫೋನ್ ಮಾಡಿ, "ಮುಂದಿನ ಸಲ ಮೂರು ಎಕರೆಗೆ ಬೀಜಕ್ಕೆ ಅಂತ ಎಷ್ಟು ಕಾಯಿ ಎತ್ತಿಡ್ಲಿ?" ಅಂದ್ರು. ಎಕರೆಗೆ 45 ಕೆಜಿ ಬೀಜ, ಸಿಪ್ಪೆ ಸುಲಿದ್ರೆ ಕಾಯಿಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಉಳಿಯುತ್ತೆ, ಅಂದ್ರೆ ಒಟ್ಟು 180 ಕೆಜಿ ಅಂದೆ.

"ಮೊಳಕೆ ಬರದ ಬೀಜದ ಲೆಕ್ಕ ಹಿಡಿದಿಲ್ಲ ಕಣಪ್ಪಾ ನೀನು" ಅಂತ ಇನ್ನೂ ಒಂದು ಚೀಲ ಜಾಸ್ತಿ ಎತ್ತಿಟ್ಟಿದ್ದಾರೆ.