78ರ ಸುತ್ತು: ಸೊಲ್ಲಾಪುರ ಸೀಮೆಯಲ್ಲಿ ಒಳ್ಳೆಯ ಟರ್ನ್‌ಟೇಬಲ್

ಟರ್ನ್‌ಟೇಬಲ್ಲಿಗೆ ಸ್ವಂತ ದನಿ ಇಲ್ಲ. ಕೀಲಿ ಕೊಡುವ ಗ್ರಾಮಫೋನಿಗಿದ್ದ ತುತ್ತೂರಿ, ಎಚ್‌ಎಂವಿ ಫಿಯೆಸ್ಟಾದಂಥ ಕೈಪೆಟ್ಟಿಗೆಯ ಪ್ಲೇಯರಿಗಿದ್ದ ಸ್ಪೀಕರು, ಎರಡೂ ಇದಕ್ಕಿಲ್ಲ. ರಿಕಾರ್ಡನ್ನು ಹೊತ್ತು ತಿರುಗುವ ಭಾರದ ಲೋಹದ ತಟ್ಟೆ, ತಟ್ಟೆಯನ್ನು ತಿರುಗಿಸುವ ಮೋಟರು, ಗೀರಿನ ಜಾಡು ಹಿಡಿದು ಒಳಮುಖವಾಗಿ ಸರಿಯುವ ತೋಳು, ತೋಳಿನ ತುದಿಗೆ ಕಾರ್ಟ್ರಿಜ್, ಅದರಡಿಯಲ್ಲಿ ವಜ್ರದ ಮುಳ್ಳು, ಇಷ್ಟೇ ಇದರ ಸಂಸಾರ. ಮುಳ್ಳಿನ ಅಲುಗಾಟ ಕಾರ್ಟ್ರಿಜ್ಜಿನಲ್ಲಿ ಕೆಲವೇ ಮಿಲಿವೋಲ್ಟಿನಷ್ಟು ವಿದ್ಯುತ್ತಾಗುತ್ತದೆ. ಅದನ್ನು ಹಿಗ್ಗಿಸಿ ಕೇಳಿಸುವುದು ಆಂಪ್ಲಿಫೈಯರಿನ ಪಾಲು. ಟರ್ನ್‌ಟೇಬಲ್ ಒಳ್ಳೆಯದೋ ಅಲ್ಲವೋ ಎಂಬುದು ಎರಡು ಮಾತಿನಲ್ಲಿ ಮುಗಿಯುತ್ತದೆ: ತಟ್ಟೆ ಏರಿಳಿತವಿಲ್ಲದೆ ತಿರುಗಬೇಕು, ತನ್ನ ಸದ್ದನ್ನು ಹಾಡಿಗೆ ಬೆರೆಸಬಾರದು. ಸೊಲ್ಲಾಪುರ, ಹೋಟಗಿ, ಅಕ್ಕಲಕೋಟೆಯ ಸೀಮೆಯಲ್ಲಿ ಇವೆರಡರ ಜೊತೆಗೆ ಮೂರನೆಯ ಷರತ್ತೊಂದಿದೆ. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಬೇಕು.

ಕಾರಣ ಮನೆಗಳಲ್ಲಿ ಉಳಿದಿರುವ ರಿಕಾರ್ಡುಗಳದು. ಹೋಟಗಿ ಜಂಕ್ಷನ್ನು ಮುಂಬಯಿ-ಮದ್ರಾಸಿನ ಬ್ರಾಡ್‌ಗೇಜ್ ಹಾದಿಯಲ್ಲಿದೆ. ವಿಜಯಪುರ, ಬಾಗಲಕೋಟೆ, ಗದಗಿನ ಕಡೆಗೆ ಹೋಗುವ ಹಾದಿ ಕವಲೊಡೆಯುವುದು ಇಲ್ಲಿಯೇ. ಆ ಕವಲು ಮೀಟರ್‌ಗೇಜ್ ಆಗಿದ್ದಷ್ಟು ಕಾಲ ಮುಂಬಯಿಯಿಂದ ಬಂದವರು ಗಾಡಿ ಬದಲಿಸದೆ ಮುಂದೆ ಹೋಗುವಂತಿರಲಿಲ್ಲ. ಹಾದಿಗಳು ಹೀಗೆ ಕೂಡುವಲ್ಲಿ ಹಾಡುಗಳೂ ಕೂಡಿದವು: ಮರಾಠಿ ನಾಟ್ಯಗೀತೆ, ಕನ್ನಡದ ದೇವರನಾಮ, ಹಿಂದಿ ಸಿನಿಮಾ ಹಾಡು, ಕಿರಾಣಾ ಘರಾಣೆಯ ಖ್ಯಾಲು, ಇವೆಲ್ಲ ಒಂದೇ ಅಲಮಾರಿಯಲ್ಲಿ ಮೈಗೆ ಮೈ ತಾಗಿಸಿ ನಿಂತಿರುವುದು ಈ ಗಡಿಯ ಮನೆಗಳ ಲಕ್ಷಣ. ಹಾಡಿದವರಲ್ಲಿಯೂ ಅನೇಕರು ಇದೇ ರೈಲುಹಾದಿಯ ಆಚೀಚಿನವರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ವಿಜಯಪುರದ ಅಮೀರ್ ಟಾಕೀಸು ಅವರ ಹೆಸರಿನದೇ. ಗಂಗೂಬಾಯಿ ಹಾನಗಲ್ಲರ ಮೊದಲ ರಿಕಾರ್ಡುಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಬಾಲಕ ಕುಮಾರ ಗಂಧರ್ವ ದೊಡ್ಡ ಗವಾಯಿಗಳ ರಿಕಾರ್ಡು ಕೇಳಿ ಕೇಳಿಯೇ ಅವರಂತೆ ಹಾಡಿ ಸಭೆಗಳನ್ನು ಬೆರಗುಗೊಳಿಸಿದ. ಗದಗಿನ ಭೀಮಸೇನ ಜೋಶಿ ಎಳೆವಯಸ್ಸಿನಲ್ಲಿ ಅಂಗಡಿಯೊಂದರ ಮುಂದೆ ನಿಂತು ಅಬ್ದುಲ್ ಕರೀಮ್ ಖಾನರ ಠುಮರಿ ಕೇಳಿದ್ದು, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆ ಅಂಗಡಿಯ ಯಂತ್ರ ಎಷ್ಟು ಸುತ್ತಿನಲ್ಲಿ ತಿರುಗುತ್ತಿತ್ತೋ! ಶ್ರುತಿ ತುಸು ಮೇಲಿತ್ತೋ ಕೆಳಗಿತ್ತೋ, ಕೆಲಸವನ್ನಂತೂ ಮಾಡಿತು.

ಈ ಹಾಡುಗಳೆಲ್ಲ ಬಂದದ್ದು ಅರಗಿನ ರಿಕಾರ್ಡಿನ ಮೇಲೆ. ನಮ್ಮದೇ ದೇಶದ ಕಾಡುಗಳ ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಕಾಯಿಸಿ ಒತ್ತಿದ ಕರಿಯ ಬಿಲ್ಲೆ ಅದು. ಹತ್ತು ಅಂಗುಲದ್ದಾದರೆ ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ನಿಮಿಷಕ್ಕೆ 33⅓ ಸುತ್ತಿನ ವಿನೈಲ್ ಎಲ್‌ಪಿ ತಂದಿತು. ಮರುವರ್ಷ ಆರ್‌ಸಿಎ 45ರದ್ದನ್ನು ತಂದಿತು. ಹೊರದೇಶಗಳು ಅರಗನ್ನು ಬೇಗ ಕೈಬಿಟ್ಟರೂ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆ 1960ರ ದಶಕದುದ್ದಕ್ಕೂ 78ರ ರಿಕಾರ್ಡು ಒತ್ತುತ್ತಲೇ ಇತ್ತು. ಬೀಟಲ್ಸ್ ಹಾಡುಗಳೂ ಭಾರತದಲ್ಲಿ 78ರಲ್ಲಿ ಸಿಗುತ್ತಿದ್ದವು. ಕೀಲಿ ಯಂತ್ರವನ್ನೇ ನೆಚ್ಚಿದ್ದ, ಕರೆಂಟಿಲ್ಲದ ಊರುಗಳು ಅಷ್ಟಿದ್ದವು. ಹೀಗಾಗಿ ಈ ಭಾಗದ ಹಳೆಯ ಸಂಗ್ರಹಗಳಲ್ಲಿ 78ರವು ದಂಡಿಯಾಗಿ ಉಳಿದಿವೆ. ಇಂದು ಮಾರಾಟಕ್ಕಿರುವ ಹೆಸರಾಂತ ಟರ್ನ್‌ಟೇಬಲ್ಲುಗಳಲ್ಲಿ ಬಹುಪಾಲು 33⅓ ಮತ್ತು 45ಕ್ಕೇ ನಿಲ್ಲುತ್ತವೆ. ದುಡ್ಡು ಸುರಿದು ತಂದ ಯಂತ್ರ ಅಜ್ಜನ ಕಾಲದ ರಿಕಾರ್ಡನ್ನು ಮುಟ್ಟುವುದಿಲ್ಲ ಎಂಬುದು ಮನೆಗೆ ಬಂದ ಮೇಲೆ ತಿಳಿಯುವುದುಂಟು.

78 ಎಂಬ ಸಂಖ್ಯೆಯೂ ಕಾಣಿಸುವಷ್ಟು ಖಚಿತವಲ್ಲ. ರಿಕಾರ್ಡಿಂಗ್ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನರ ಹಾಡು ಹಿಡಿದಾಗ ಎಲ್ಲರೂ ಒಪ್ಪಿದ ವೇಗ ಎಂಬುದೇ ಇರಲಿಲ್ಲ. ಆ ಕಾಲದ ರಿಕಾರ್ಡುಗಳಲ್ಲಿ 70ರ ಆಸುಪಾಸಿನವೂ ಇವೆ, 80 ದಾಟಿದವೂ ಇವೆ. 1925ರಲ್ಲಿ ಮೈಕಿನ ರಿಕಾರ್ಡಿಂಗ್ ಬಂದ ಮೇಲೆಯೇ 78 ನೆಲೆಯಾದದ್ದು. ಆಗಲೂ ಕರೆಂಟಿನ ಲೆಕ್ಕದಲ್ಲಿ ಒಂದು ಸಣ್ಣ ತೊಡಕು ಉಳಿಯಿತು. ವೇಗ ನೋಡಲು ಬಳಸುವ ಸ್ಟ್ರೋಬ್ ಬಿಲ್ಲೆಯ ಮೇಲೆ ಸುತ್ತಲೂ ಗೆರೆಗಳಿರುತ್ತವೆ. ದೀಪದ ಬೆಳಕಿನಲ್ಲಿ ಆ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ನಮ್ಮ 50 ಹರ್ಟ್ಸಿನ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ, ನಿಮಿಷಕ್ಕೆ 6,000 ಸಲ ಮಿನುಗುತ್ತದೆ. 33⅓ಕ್ಕೆ 180 ಗೆರೆ ಎಂದು ಲೆಕ್ಕ ನೇರವಾಗಿ ಕೂಡುತ್ತದೆ. 78ಕ್ಕೆ ಕೂಡುವುದಿಲ್ಲ. 77 ಗೆರೆ ಎಳೆದರೆ ಸಿಗುವುದು 77.92 ಸುತ್ತು. ಅಮೆರಿಕದ 60 ಹರ್ಟ್ಸಿನಲ್ಲಿ 92 ಗೆರೆಗೆ 78.26.

ಕಾಲು ಸುತ್ತಿನ ವ್ಯತ್ಯಾಸ ಯಾರ ಕಿವಿಗೂ ಬೀಳದು. ಆದರೆ 74ರಲ್ಲಿ ಹಿಡಿದ ಹಾಡನ್ನು 78ರಲ್ಲಿ ನುಡಿಸಿದರೆ ಶೇಕಡಾ ಐದಕ್ಕೂ ಹೆಚ್ಚು ಫರಕು ಬೀಳುತ್ತದೆ, ಅಂದರೆ ಹಾರ್ಮೋನಿಯಂನ ಒಂದು ಮನೆಗೆ ಹತ್ತಿರ. ಕಾಳಿ ಒಂದರಲ್ಲಿ ಹಾಡಿದ್ದು ಹೆಚ್ಚುಕಡಿಮೆ ಪಕ್ಕದ ಬಿಳಿ ಮನೆಗೆ ಏರುತ್ತದೆ, ದನಿ ತೆಳುವಾಗುತ್ತದೆ, ತಾನ ಅವಸರದ್ದಾಗುತ್ತದೆ. ಕೇಳುವವರು ಅದನ್ನು ಗಾಯಕರ ಗುಣವೆಂದೇ ತಿಳಿಯುತ್ತಾರೆ. ಹಳೆಯ ಗವಾಯಿಗಳದು ಹೆಣ್ಣುದನಿ ಎಂದು ಆಡಿಕೊಳ್ಳುವವರಲ್ಲಿ ಕೆಲವರಾದರೂ ಕೇಳಿದ್ದು ಓಡುವ ಯಂತ್ರವನ್ನೇ ಇರಬೇಕು.

ಆದ್ದರಿಂದ ಈ ಭಾಗದ ಸಂಗ್ರಹಕಾರರಿಗೆ ಯಂತ್ರದ ಬೇರಾವ ಗುಣಕ್ಕಿಂತಲೂ ವೇಗ ತಿದ್ದುವ ಗುಬ್ಬಿ ಮುಖ್ಯ. ತಿದ್ದುವ ಬಗೆ ಹೀಗೆ. ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ರಿಕಾರ್ಡು ಹಚ್ಚುತ್ತಾರೆ. ಹಾಡಿನ ಷಡ್ಜ ಎರಡು ಮನೆಗಳ ನಡುವೆ ಎಲ್ಲೋ ತೂಗಾಡುತ್ತಿದ್ದರೆ ಗುಬ್ಬಿಯನ್ನು ಕೂದಲೆಳೆಯಷ್ಟೇ ತಿರುಗಿಸಿ ಹತ್ತಿರದ ಮನೆಗೆ ತರುತ್ತಾರೆ. ತಂಬೂರಿಯ ಮೇಲೆ ಹಾಡಿದವರು ಹಾರ್ಮೋನಿಯಂನ ಮನೆಗೇ ಕಟ್ಟುಬಿದ್ದಿರಬೇಕೆಂದೇನೂ ಇಲ್ಲ, ಹಾಗಾಗಿ ಇದು ಅಂದಾಜೇ. ರಿಕಾರ್ಡಿನಲ್ಲಿಯೇ ಹಾರ್ಮೋನಿಯಂ ಸಾಥ್ ಇದ್ದರೆ ಅಂದಾಜು ಗಟ್ಟಿಯಾಗುತ್ತದೆ. ಅದಕ್ಕಿಂತ ಒಳ್ಳೆಯ ಸುಳಿವು ಆರಂಭದ ರಿಕಾರ್ಡುಗಳ ಕೊನೆಯಲ್ಲಿದೆ. ಆಗ ರಿಕಾರ್ಡುಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲೆಂದು ಹಾಡು ಮುಗಿದೊಡನೆ ಗಾಯಕಿಯೇ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಗೌಹರ್ ಜಾನರು ಇಂಗ್ಲಿಷಿನಲ್ಲಿ ಹೇಳಿದ್ದು ಪ್ರಸಿದ್ಧ. ಹಾಡುವ ಗಂಟಲನ್ನು ನಂಬುವುದು ಕಷ್ಟ, ಆಡುವ ಮಾತನ್ನು ನಂಬಬಹುದು. ಆ ಎರಡು ಸೆಕೆಂಡಿನ ಮಾತು ಮನುಷ್ಯರು ಆಡಿದಂತೆ ಕೇಳಿಸುವವರೆಗೆ ವೇಗ ತಿದ್ದಿ, ಅಲ್ಲಿಗೆ ನಿಲ್ಲಿಸಿ, ಮುಳ್ಳನ್ನೆತ್ತಿ ಹಾಡನ್ನು ಮೊದಲಿನಿಂದ ಹಚ್ಚುತ್ತಾರೆ.

ಮೂರೂ ವೇಗ ಕೊಡುವ ಉತ್ತಮ ಯಂತ್ರಗಳಲ್ಲಿ ಹಿರಿದು ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ ತಯಾರಾದ ಗ್ಯಾರಾರ್ಡ್ 301. 1954ರಲ್ಲಿ ಬಂದದ್ದು, 1965ರಲ್ಲಿ ಅದರ ಜಾಗಕ್ಕೆ 401 ಬಂತು. ಮೋಟರಿನ ದಂಡಕ್ಕೂ ತಟ್ಟೆಯ ಒಳ ಅಂಚಿಗೂ ನಡುವೆ ರಬ್ಬರಿನ ಗಾಲಿಯೊಂದು ಒತ್ತಿಕೊಂಡು ನಿಂತು ತಟ್ಟೆಯನ್ನು ದೂಡುತ್ತದೆ. ವೇಗದ ಗುಬ್ಬಿ ಒಂದು ಅಯಸ್ಕಾಂತವನ್ನು ಸರಿಸಿ ಮೋಟರಿಗೆ ಸಣ್ಣ ತಡೆ ಹಾಕುತ್ತದೆ. ಸ್ವಿಸ್ ಕಂಪನಿ ಥೋರೆನ್ಸಿನ ಟಿಡಿ 124ರಲ್ಲಿ ಬೆಲ್ಟೂ ಇದೆ, ಗಾಲಿಯೂ ಇದೆ. ಇವನ್ನು ಇಟ್ಟುಕೊಂಡವರು ಮೊದಲು ಕಲಿಯುವುದು ರಿಪೇರಿ. ಕೆಲಸ ಮುಗಿದ ಮೇಲೆ ಗಾಲಿಯನ್ನು ಒತ್ತಿದ ಹಾಗೆಯೇ ಬಿಟ್ಟರೆ ರಬ್ಬರಿಗೆ ತಗ್ಗು ಬಿದ್ದು ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ. ಹಳೆಯ ಗ್ರೀಸು ಗಟ್ಟಿಯಾದರೆ ಬೆಳಗಿನ ಹೊತ್ತು ಮೊದಲ ರಿಕಾರ್ಡು ತಡವರಿಸುತ್ತದೆ. ವೋಲ್ಟೇಜ್ ಬಿದ್ದರೆ ಮೋಟರಿನ ಕಸುವೂ ಇಳಿಯುತ್ತದೆ, ಆದ್ದರಿಂದ ಸ್ಟೆಬಿಲೈಜರ್ ಬೇಕು. ಮನೆಗೆಲ್ಲ ಎಲ್‌ಇಡಿ ದೀಪ ಹಾಕಿಸಿಕೊಂಡವರಿಗೆ ಇನ್ನೊಂದು ಸಂಕಟ: ಒಳ್ಳೆಯ ಎಲ್‌ಇಡಿ ಮಿನುಗುವುದಿಲ್ಲ, ಸ್ಟ್ರೋಬ್ ಬಿಲ್ಲೆಯ ಗೆರೆ ನಿಲ್ಲುವುದೇ ಇಲ್ಲ, ಹಳೆಯ ನಿಯಾನ್ ದೀಪವನ್ನು ಹುಡುಕಿ ತರಬೇಕು.

ಗಾಲಿಯ ಯಂತ್ರಗಳ ದೊಡ್ಡ ದೋಷ ಗುರುಗುಟ್ಟುವಿಕೆ. ಮೋಟರಿನ ಕಂಪನ ಗಾಲಿಯಿಂದ ತಟ್ಟೆಗೆ, ತಟ್ಟೆಯಿಂದ ಮುಳ್ಳಿಗೆ ಏರುತ್ತದೆ. ಹೊರದೇಶದವರು ಇದನ್ನು ಹೀರಲು ಸ್ಲೇಟು ಕಲ್ಲಿನ ಪೀಠ ಕೆತ್ತಿಸುತ್ತಾರೆ. ಈ ಭಾಗದಲ್ಲಿ ಶಹಾಬಾದ್ ಫರಸಿಗೆ ಬರವಿಲ್ಲ. ದಪ್ಪನೆಯ ಒಂದು ಚಪ್ಪಡಿಯ ಮೇಲೆ ಯಂತ್ರ ಕೂಡಿಸಿದರೆ ಅರ್ಧ ರೋಗ ಹೋದಂತೆ. ಹೋಟಗಿಯಲ್ಲಿ ಹಳಿಯ ಹತ್ತಿರ ಮನೆ ಇದ್ದವರಿಗೆ ಉಳಿದರ್ಧ ಕಾಡುತ್ತದೆ, ಏಕೆಂದರೆ ಪಕ್ಕದ ಫತಾಟೇವಾಡಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ರೈಲಿನಲ್ಲಿಯೇ ಬರಬೇಕು, ನೆಲ ನಡುಗಲೇಬೇಕು.

ಜಪಾನಿನ ಟೆಕ್ನಿಕ್ಸ್ ಕಂಪನಿ ಗಾಲಿ, ಬೆಲ್ಟು ಎರಡನ್ನೂ ಕಿತ್ತೆಸೆದು ಮೋಟರಿನ ದಂಡದ ಮೇಲೆಯೇ ತಟ್ಟೆ ಕೂಡಿಸಿತು. 1970ರ ಎಸ್‌ಪಿ-10 ಇದರ ಆದಿ. 1972ರ ಎಸ್‌ಎಲ್-1200 ಮನೆಗಳಿಗೆ ಬಂದದ್ದು. 1979ರ ಎಂಕೆ2 ಮಾದರಿಯಲ್ಲಿ ಕ್ವಾರ್ಟ್ಜ್ ಹರಳು ವೇಗವನ್ನು ಕಾಯುತ್ತದೆ, ಕರೆಂಟಿನ ಹರ್ಟ್ಸಿನ ಗೊಡವೆಯಿಲ್ಲ, ಶೇಕಡಾ ಎಂಟರವರೆಗೆ ಶ್ರುತಿ ಏರಿಸಿ ಇಳಿಸುವ ಪಟ್ಟಿಯೂ ಇದೆ. ಅಂಥ ಯಂತ್ರಕ್ಕೆ 78 ಇಲ್ಲದೆ ಹೋದದ್ದೊಂದು ಕೊರತೆ. 2019ರ ಎಂಕೆ7ರಲ್ಲಿ ಅದೂ ಇದೆ. ಗ್ಯಾರಾರ್ಡಿನ ಗತ್ತು ಇದಕ್ಕಿಲ್ಲ ಎಂಬುದು ನಿಜ. ಆದರೆ ಸಂಜೆ ಹೊತ್ತು ವೋಲ್ಟೇಜ್ ಕುಣಿಯುವ ಊರಿನಲ್ಲಿ, ರಿಪೇರಿ ಬಲ್ಲ ಕೈಗಳು ಕಡಿಮೆಯಾಗುತ್ತಿರುವಾಗ, ಕೂತು ಹಾಡು ಕೇಳಬೇಕೆನ್ನುವವರಿಗೆ ಇದೇ ವಾಸಿ. ಬೆಲ್ಟಿನ ಯಂತ್ರಗಳ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ: ಸದ್ದು ಕಡಿಮೆ, ಎಲ್‌ಪಿಗೆ ಚೆನ್ನ, 78 ಬಹುತೇಕ ಇಲ್ಲ, 40 ಡಿಗ್ರಿ ದಾಟುವ ಸೊಲ್ಲಾಪುರದ ಬೇಸಿಗೆಯಲ್ಲಿ ಬೆಲ್ಟು ಬೇಗ ಸಡಿಲಾಗುತ್ತದೆ.

ಮುಳ್ಳು ಎರಡು ಬೇಕು. ಎಲ್‌ಪಿಯ ಗೀರು ಸಪೂರ, ಅದರ ಮುಳ್ಳಿನ ತುದಿ ಸುಮಾರು 18 ಮೈಕ್ರಾನಿನದು; 78ರದ್ದು ಅದರ ನಾಲ್ಕು ಪಟ್ಟು. ಎಲ್‌ಪಿ ಮುಳ್ಳನ್ನು 78ರ ಮೇಲೆ ಇಟ್ಟರೆ ಅದು ಗೀರಿನ ತಳಕ್ಕೆ ಇಳಿದು, ಹಿಂದಿನ ಉಕ್ಕಿನ ಮುಳ್ಳುಗಳು ಬಿಟ್ಟುಹೋದ ಪುಡಿಯನ್ನು ಕೆದಕುತ್ತ ಸಾಗುತ್ತದೆ. ಸರಿಯಾದ ಮುಳ್ಳು ಗೀರಿನ ನಡುಗೋಡೆಗಳನ್ನು ಹಿಡಿದು ಮೇಲೆಯೇ ನಡೆಯುತ್ತದೆ. ಹಿಂದಿನ ಮುಳ್ಳುಗಳು ಅಷ್ಟಾಗಿ ಸವೆಸದಿರಬಹುದಾದ ಜಾಗ ಅದು. ಹಾಳಾಯಿತೆಂದು ಮೂಲೆಗೆ ಹಾಕಿದ್ದ ರಿಕಾರ್ಡು ಈ ಒಂದು ಬದಲಾವಣೆಯಿಂದ ತಂಬೂರಿ ಕೇಳಿಸುವಷ್ಟು ಸ್ವಚ್ಛವಾಗಬಲ್ಲದು.

ಎಲ್‌ಪಿಯಲ್ಲಿ ಖ್ಯಾಲು ಕೇಳುವವರಿಗೆ ಬೇರೆ ಪರೀಕ್ಷೆಯಿದೆ. ತಟ್ಟೆಯ ವೇಗ ಒಂದೇ ಇದ್ದರೂ ಹೊರಸುತ್ತಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದರೆ, ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಂತೆ. ಸಿನಿಮಾ ಹಾಡಿನ ಎಲ್‌ಪಿಗಳಲ್ಲಿ ಮೆಲುವಾದ ಹಾಡನ್ನು ಕೊನೆಗಿಟ್ಟು ಇದನ್ನು ನಿಭಾಯಿಸಬಹುದು. ವಿಲಂಬಿತದಿಂದ ಹೊರಟು ದ್ರುತಕ್ಕೆ ಏರುವ ರಾಗವನ್ನು ತಿರುವುಮುರುವು ಮಾಡಲಾದೀತೆ? ಭೀಮಸೇನರ ತಾನ ಗರ್ಜಿಸಬೇಕಾದ ಜಾಗ ಗೀರು ಅತ್ಯಂತ ಇಕ್ಕಟ್ಟಾದ ಜಾಗವೇ ಆಗಿರುತ್ತದೆ. ಅಲ್ಲಿ ಸಕಾರ ಸಿಡಿಯದಿದ್ದರೆ ತೋಳು, ಕಾರ್ಟ್ರಿಜ್ ಸರಿಯಾಗಿ ಕೂತಿವೆ ಎಂದು ತಿಳಿಯಬೇಕು.

ರಿಕಾರ್ಡಿನ ಆರೈಕೆ ಸುಲಭ, ಬೇಸರದ್ದು. ಎರೆನೆಲದ ಧೂಳು ನಯವಾಗಿ ಗೀರಿಗೆ ಇಳಿಯುತ್ತದೆ, ಒಣಹವೆಯಲ್ಲಿ ವಿನೈಲಿಗೆ ಅಂಟಿಕೊಂಡರೆ ಬಿಡುವುದೇ ಇಲ್ಲ. ಅರಗಿನ ರಿಕಾರ್ಡಿಗೆ ಸ್ಪಿರಿಟ್ ಸೋಕಿಸಬಾರದು, ಅರಗು ಕರಗುತ್ತದೆ. ತಣ್ಣೀರು, ಮೆತ್ತನೆ ಬಟ್ಟೆ ಸಾಕು. ಒಂದರ ಮೇಲೊಂದು ಹೇರದೆ ನಿಲ್ಲಿಸಿ ಇಡಬೇಕು. ಕೊಂಕಣದ ಮನೆಗಳಲ್ಲಿ ಕಾಡುವ ಬೂಷ್ಟು ಈ ಒಣಸೀಮೆಯಲ್ಲಿ ಅಷ್ಟಾಗಿ ಇಲ್ಲ.

ಸಂಗ್ರಹಕಾರರನ್ನು ಒಟ್ಟುಗೂಡಿಸಿದ್ದು 1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ‘ಸೊಸೈಟಿ ಆಫ್ ಇಂಡಿಯನ್ ರಿಕಾರ್ಡ್ ಕಲೆಕ್ಟರ್ಸ್’. ವಿಜ್ಞಾನಿ ಸುರೇಶ ಚಾಂದವಣಕರರು ಇದರ ಹಿಂದಿದ್ದವರಲ್ಲಿ ಮುಖ್ಯರು. ‘ದಿ ರಿಕಾರ್ಡ್ ನ್ಯೂಸ್’ ಎಂಬ ಪತ್ರಿಕೆ ಸಂಸ್ಥೆಯದೇ. ಅದರ ಘಟಕಗಳಲ್ಲಿ ಸೊಲ್ಲಾಪುರದ್ದೂ ಒಂದು. ಒಂದು ವಿಷಯ ಹಿಡಿದು ನಾಲ್ಕು ಮಾತು ಹೇಳಿ ಅದಕ್ಕೆ ಸಂಬಂಧಪಟ್ಟ ರಿಕಾರ್ಡುಗಳನ್ನು ನುಡಿಸುವುದು ಇಂಥ ಕೂಟಗಳ ಪದ್ಧತಿ. ಪಟ್ಟಿ ಮಾಡುವುದೂ ಈ ಕೆಲಸದ ಭಾಗ: ಯಾವ ರಿಕಾರ್ಡು, ಯಾವ ಕಂಪನಿ, ಯಾವ ನಂಬರು. ಮರಾಠಿಯ ರಿಕಾರ್ಡುಗಳಿಗೆ ಪಟ್ಟಿ ಮಾಡುವ ಕೈಗಳು ಇಲ್ಲಿ ಸಿಕ್ಕವು. ಗಡಿಯ ಮನೆಗಳ ಕನ್ನಡ ರಿಕಾರ್ಡುಗಳಿಗೆ ಅಷ್ಟು ಕೈಗಳು ಸಿಕ್ಕಿಲ್ಲ.

ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋಗಿ ಮನೆ ಖಾಲಿ ಮಾಡುವಾಗ ಮೊದಲು ಹೊರಬೀಳುವುದು ಭಾರದ ಈ ಪೆಟ್ಟಿಗೆಗಳೇ. ಯಂತ್ರಕ್ಕೆ ಗಿರಾಕಿ ಸಿಗುತ್ತಾರೆ. ಎಲ್‌ಪಿಗೂ ಈಗ ಬೆಲೆ ಬಂದಿದೆ. ಲೇಬಲ್ಲಿನ ಲಿಪಿ ಓದಲಾರದ ವ್ಯಾಪಾರಿಯ ಕೈಯಲ್ಲಿ ಕನ್ನಡದ 78ರ ರಿಕಾರ್ಡು ಬಿಡಿಬಿಡಿಯಾಗಿ ಹಂಚಿಹೋಗುತ್ತದೆ, ಇಲ್ಲವೇ ಒಡೆಯುತ್ತದೆ. ಲೇಬಲ್ ಹರಿದುಹೋದ ರಿಕಾರ್ಡನ್ನು ಗುರುತಿಸಲು ಉಳಿಯುವುದು ಒಳಸುತ್ತಿನ ನುಣುಪು ಜಾಗದಲ್ಲಿ ಒತ್ತಿದ ಮ್ಯಾಟ್ರಿಕ್ಸ್ ನಂಬರು. ಅದನ್ನು ಯಾರಾದರೂ ಪಟ್ಟಿಯಲ್ಲಿ ಬರೆದಿಟ್ಟಿದ್ದರೆ ಮಾತ್ರ ಅದು ಯಾರ ಹಾಡೆಂದು ತಿಳಿದೀತು.