ಬೆರಳು ಜೋಮು ಹಿಡಿದರೆ ಹ್ಯಾಂಡಲ್ ಕಡೆ ನೋಡಿ!

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸುಮಾರು 35 ಕಿ.ಮೀ. ಕಳೆದ ವರ್ಷ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಹೊಸ ಸೈಕಲ್ ಹತ್ತಿ ಊರ ಕಡೆ ಹೊರಟಿದ್ದೆ. ತೆರಕಣಾಂಬಿ ತಲುಪುವಷ್ಟರಲ್ಲಿ ಎಡಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು. ಪಕ್ಕದ ಹೊಲದಲ್ಲಿ ಸೂರ್ಯಕಾಂತಿ ಅರಳಿ ನಿಂತಿತ್ತು. ಒಂದು ಫೋಟೊ ತೆಗೆಯೋಣ ಅಂದ್ರೆ ಮೊಬೈಲ್ ಹಿಡಿಯೋಕೂ ಕೈ ಮಾತು ಕೇಳ್ತಿರಲಿಲ್ಲ.

ನಾಳೆ ಸರಿ ಹೋಗುತ್ತೆ ಅಂದುಕೊಂಡೆ. ಸೋಮವಾರ ಆಫೀಸಿನಲ್ಲಿ ಕೀಬೋರ್ಡಿನ ಶಿಫ್ಟ್ ಒತ್ತಿದ್ದೂ ಗೊತ್ತಾಗಲಿಲ್ಲ. ಆಗ ನಿಜಕ್ಕೂ ಹೆದರಿಕೆಯಾಯ್ತು. ಬೆರಳೇ ಅಲ್ವಾ ನಮ್ಮ ಹೊಟ್ಟೆಪಾಡು!

ಡಾಕ್ಟರು ಹೇಳಿದ್ದು ಇಷ್ಟು: ಕಿರುಬೆರಳಿನ ಕಡೆಯ ಅಂಗೈ ಬುಡದಲ್ಲಿ ಅಲ್ನಾರ್ ಎಂಬ ನರ ಹಾದುಹೋಗುತ್ತದೆ. ಗಂಟೆಗಟ್ಟಲೆ ಮೈಭಾರ ಅಲ್ಲೇ ಬಿದ್ದರೆ ನರ ಒತ್ತಿಹೋಗುತ್ತದೆ. ಕಡೆಗಣಿಸಿದರೆ ಕೈಯ ಹಿಡಿತವೂ ಕುಗ್ಗಬಹುದು. ಎರಡು ವಾರ ಸೈಕಲ್ ಬಂದ್.

ಮೊದಲು ಸೀಟು, ಆಮೇಲೆ ಹ್ಯಾಂಡಲ್

ದುಬಾರಿ ಹ್ಯಾಂಡಲ್ ಕೊಳ್ಳೋ ಲೆಕ್ಕ ಹಾಕ್ತಿದ್ದ ನನ್ನನ್ನು ತಡೆದದ್ದು ಗುಂಡ್ಲುಪೇಟೆಯ ಸೈಕಲ್ ರಿಪೇರಿ ಅಂಗಡಿಯ ಹಿರಿಯರು. "ನೋಡಪ್ಪ, ಸೀಟಿನ ಮೂತಿ ಕೆಳಕ್ಕೆ ವಾಲ್ಕೊಂಡದೆ. ಭಾರ ಎಲ್ಲಾ ಕೈ ಮ್ಯಾಲೆ ಬೀಳದೆ ಇನ್ನೆಲ್ಲಿಗೆ ಹೋಯ್ತದೆ?" ಅಂದರು. ಸೀಟು ಮಟ್ಟ ಮಾಡಿ, ಹ್ಯಾಂಡಲ್ ತುಸು ಮೇಲೆತ್ತಿದರು. ಅರ್ಧ ನೋವು ಅಲ್ಲೇ ಹೋಯ್ತು.

ಮೊಣಕೈ ಸ್ವಲ್ಪ ಮಡಚಿರಬೇಕು, ಬ್ರೇಕ್ ಮೇಲೆ ಬೆರಳಿಟ್ಟಾಗ ಮಣಿಕಟ್ಟು ನೇರವಾಗಿರಬೇಕು. ಕೈ ಚಾಚಿ ಎಟುಕಿಸಿಕೊಳ್ಳಬೇಕಾದರೆ ಸ್ಟೆಮ್ ಗಿಡ್ಡ ಬೇಕು ಅಂತರ್ಥ.

ಯಾವುದು ನಿಮಗೆ?

*ಫ್ಲಾಟ್ ಬಾರ್:* ಪೇಟೆಯೊಳಗೆ ಚೆನ್ನ. ಆದರೆ ಕೈ ಇಡಲು ಒಂದೇ ಜಾಗ. ನನ್ನದೂ ಇದೇ.

*ಡ್ರಾಪ್ ಬಾರ್:* ಮೇಲೆ, ಬ್ರೇಕ್ ಹುಡ್ ಮೇಲೆ, ಕೆಳಗೆ ಹೀಗೆ ಮೂರು ಕಡೆ ಹಿಡಿಯಬಹುದು. ಆಷಾಢದಲ್ಲಿ ಗುಂಡ್ಲುಪೇಟೆ ಕಡೆ ಹೋಗುವಾಗ ಗಾಳಿ ಎದುರಿಗೇ ಬಡಿಯುತ್ತೆ. ಆಗ ತಗ್ಗಿ ಕೂರೋಕೆ ಇದೇ ಸರಿ. ಅಗಲ ನಿಮ್ಮ ಭುಜದಷ್ಟಿದ್ದರೆ ಸಾಕು.

*ಬಟರ್‌ಫ್ಲೈ ಬಾರ್:* ಚಿಟ್ಟೆ ರೆಕ್ಕೆಯಂತೆ ಸುತ್ತಿಕೊಂಡಿರುತ್ತದೆ. ನೆಟ್ಟಗೆ ಕೂತು, ಆಗಾಗ ಕೈ ಜಾಗ ಬದಲಿಸುತ್ತಾ ಹೋಗಬಹುದು.

*ಹಿಂದಕ್ಕೆ ಬಾಗಿದ ಹ್ಯಾಂಡಲ್:* ಅಪ್ಪನ ಕಾಲದ ಸೈಕಲ್ಲಿನದು. ಮಣಿಕಟ್ಟಿಗೆ ಹಿತ, ಬೆನ್ನು ನೇರ. ಎದುರುಗಾಳಿಗೆ ಮಾತ್ರ ಕಷ್ಟ.

ದುಡ್ಡಿನ ಲೆಕ್ಕ

ಫ್ಲಾಟ್ ಬಾರ್‌ನಲ್ಲಿ ಗ್ರಿಪ್ ಕೂರುವ ಜಾಗದ ದಪ್ಪ 22.2 ಮಿ.ಮೀ., ಡ್ರಾಪ್ ಬಾರ್‌ನದು 23.8 ಮಿ.ಮೀ. ಹಾಗಾಗಿ ಫ್ಲಾಟ್ ತೆಗೆದು ಡ್ರಾಪ್ ಹಾಕಿಸಿದರೆ ಬ್ರೇಕ್ ಲಿವರ್, ಗೇರ್ ಶಿಫ್ಟರ್ ಎರಡೂ ಹೊಸದಾಗಿ ಬೇಕಾಗುತ್ತವೆ. ಬಟರ್‌ಫ್ಲೈಗೆ ಸಾಮಾನ್ಯವಾಗಿ ಹಳೆಯವೇ ಕೂರುತ್ತವೆ, ಕೇಬಲ್ ಉದ್ದ ಮಾತ್ರ ನೋಡಿಕೊಳ್ಳಿ. ಸ್ಟೆಮ್ ಹಿಡಿಯುವ ಜಾಗದ ಅಳತೆ 25.4 ಮಿ.ಮೀ.ಯೋ 31.8 ಮಿ.ಮೀ.ಯೋ ಅಂತ ಅಳೆದೇ ಆರ್ಡರ್ ಮಾಡಿ.

ನಾನು ಬಟರ್‌ಫ್ಲೈ ಹಾಕಿಸಿ ದಪ್ಪ ಟೇಪ್ ಸುತ್ತಿಸಿದೆ. ಹತ್ತು ನಿಮಿಷಕ್ಕೊಮ್ಮೆ ಕೈ ಜಾಗ ಬದಲಿಸೋದು ಈಗ ಅಭ್ಯಾಸವಾಗಿದೆ. ಎಷ್ಟೇ ಒಳ್ಳೆಯ ಹ್ಯಾಂಡಲ್ ಇದ್ದರೂ ಒಂದೇ ಕಡೆ ಬಿಗಿಯಾಗಿ ಹಿಡಿದುಕೊಂಡರೆ ಜೋಮು ತಪ್ಪಿದ್ದಲ್ಲ. ಸವಾರಿ ಮುಗಿದು ಒಂದೆರಡು ದಿನವಾದರೂ ಜೋಮು ಹೋಗದಿದ್ದರೆ ಡಾಕ್ಟರನ್ನು ಕಾಣಿ.

ಈ ಆಷಾಢದಲ್ಲೂ ಅದೇ ದಾರಿ, ಅದೇ ಎದುರುಗಾಳಿ. ತೆರಕಣಾಂಬಿ ಹತ್ತಿರ ಸೈಕಲ್ ನಿಲ್ಲಿಸಿ ಸೂರ್ಯಕಾಂತಿಯ ಫೋಟೊ ತೆಗೆದೆ. ಎಡಗೈಯಲ್ಲೇ.