ಡಬ್ಬಿಯಲ್ಲೇ ಕಲ್ಲಾಗುವ ಅಂಟು: ಬಿಸಿಲೊಂದೇ ಕಾರಣವಲ್ಲ

ಬಳ್ಳಾರಿ: ಅರ್ಧ ಬಳಸಿ ಮುಚ್ಚಿಟ್ಟ ಅಂಟಿನ ಡಬ್ಬಿ ಮುಂದಿನ ಕೆಲಸದ ಹೊತ್ತಿಗೆ ಕಲ್ಲಾಗಿರುವುದು ಬಡಗಿಗಳಿಗೂ ಗ್ಯಾರೇಜಿನವರಿಗೂ ಹೊಸ ಅನುಭವವೇನಲ್ಲ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ, ಅದರಲ್ಲೂ ತಗಡಿನ ಸೂರಿನ ಅಂಗಡಿಗಳಲ್ಲಿ, ಇದಕ್ಕೆಲ್ಲ ಬಿಸಿಲನ್ನೇ ದೂರುವುದು ಸಹಜ. ಆದರೆ ಅದು ಅರ್ಧ ಸತ್ಯ. ಕೆಲವು ಅಂಟುಗಳು ಒಣಗಿ ಗಟ್ಟಿಯಾದರೆ, ಕೆಲವು ತೇವ ತಗುಲಿ ಗಟ್ಟಿಯಾಗುತ್ತವೆ. ಮತ್ತೊಂದು ಬಗೆಯದು ಗಾಳಿ ಸಿಗದಿದ್ದರೆ ಗಟ್ಟಿಯಾಗುತ್ತದೆ. ಎಲ್ಲವನ್ನೂ ಒಂದೇ ರೀತಿ ಮುಚ್ಚಿಡುವುದರಿಂದಲೇ ಹೆಚ್ಚಿನವು ಕೆಡುತ್ತವೆ.

ಬಿಸಿಲಿಗೆ ನೇರವಾಗಿ ಬಲಿಯಾಗುವುದು ಮರಗೆಲಸದ ಬಿಳಿ ಅಂಟು. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್ ಈ ವರ್ಗಕ್ಕೆ ಸೇರಿದ್ದು. ಪಾಲಿವಿನೈಲ್ ಅಸಿಟೇಟ್ ಎಂಬ ವಸ್ತುವಿನ ಸೂಕ್ಷ್ಮ ಕಣಗಳು ಇದರಲ್ಲಿ ನೀರಿನೊಳಗೆ ಹರಡಿಕೊಂಡಿರುತ್ತವೆ. ನೀರು ಆವಿಯಾದಂತೆ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಸೆದ ಮೇಲೆ ಎಷ್ಟು ನೀರು ಬೆರೆಸಿದರೂ ಮತ್ತೆ ಬಿಡಿಯಾಗುವುದಿಲ್ಲ. ಡಬ್ಬಿ ಅರ್ಧ ಖಾಲಿಯಾದಾಗ ಒಳಗಿನ ಗಾಳಿಯೇ ನೀರನ್ನು ಹೀರುವುದರಿಂದ, ಉಳಿದುದನ್ನು ಚಿಕ್ಕ ಡಬ್ಬಿಗೆ ಸುರಿದಿಡುವುದು, ಇಲ್ಲವೆ ಅಂಟಿನ ಮೇಲ್ಮೈಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹಾಸಿ ಮುಚ್ಚುವುದು ಉತ್ತಮ.

ಸನ್‌ಮೈಕಾ ಹಚ್ಚುವ ರಬ್ಬರ್ ಅಂಟು, ಪಂಚರ್ ಅಂಗಡಿಯ ಸೊಲ್ಯೂಷನ್‌ಗಳಲ್ಲಿ ನೀರಿನ ಬದಲು ಬೇಗ ಆವಿಯಾಗುವ ದ್ರಾವಕವಿರುತ್ತದೆ. ಇಲ್ಲಿ ಮುಚ್ಚಳಕ್ಕಿಂತ ಡಬ್ಬಿಯ ಅಂಚಿನತ್ತ ಗಮನ ಬೇಕು. ಅಂಚಿನಲ್ಲಿ ಮೆತ್ತಿದ ಅಂಟನ್ನು ಒರೆಸದೆ ಮುಚ್ಚಿದರೆ ಕೂದಲೆಳೆಯ ಸಂದು ಉಳಿದು, ಆವಿ ಹಗಲಿರುಳೂ ಸೋರುತ್ತಿರುತ್ತದೆ. ದಪ್ಪಗಾದ ಅಂಟಿಗೆ ಪೆಟ್ರೋಲ್ ಬೆರೆಸುವುದು ಮಾತ್ರ ಅಪಾಯಕಾರಿ. ಅಂಟಿನ ಹಿಡಿತ ಕೆಡುವುದಲ್ಲದೆ, ಗಾಳಿಗಿಂತ ಭಾರವಾದ ಅದರ ಆವಿ ನೆಲದ ಮಟ್ಟದಲ್ಲಿ ಹರಡಿ ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಅಂಟು ಬರಿಯ ದಪ್ಪಗಾಗಿದ್ದರೆ ತಯಾರಕರು ಸೂಚಿಸಿದ ತಿನ್ನರ್ ಸಾಕು. ಲೋಳೆಯಂತೆ ಹೆಪ್ಪುಗಟ್ಟಿದ್ದರೆ ಅದಕ್ಕೆ ಮದ್ದಿಲ್ಲ.

ಸಿಲಿಕೋನ್ ಸೀಲೆಂಟ್ ಮತ್ತು ಫೆವಿಕ್ವಿಕ್‌ನಂತಹ ದಿಢೀರ್ ಅಂಟುಗಳ ಸಂಗತಿ ಇದಕ್ಕೆ ತದ್ವಿರುದ್ಧ. ಇವು ಒಣಗುವುದಿಲ್ಲ, ಗಾಳಿಯಲ್ಲಿನ ತೇವಾಂಶದೊಡನೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತವೆ. ಹೀಗಾಗಿ ಬಳ್ಳಾರಿಯ ಒಣಹವೆ ಇವುಗಳಿಗೆ ಒಂದರ್ಥದಲ್ಲಿ ಉಪಕಾರಿಯೇ. ಕಿಟಕಿಗೆ ಹಚ್ಚಿದ ಸಿಲಿಕೋನ್ ಮಳೆಗಾಲಕ್ಕಿಂತ ಒಣ ಬೇಸಿಗೆಯಲ್ಲಿ ನಿಧಾನವಾಗಿ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ಸಿಲಿಕೋನ್ ಟ್ಯೂಬಿನ ಮೂತಿಗೆ ಉದ್ದನೆಯ ಸ್ಕ್ರೂ ತಿರುಗಿಸಿ, ಮೇಲೆ ಟೇಪು ಸುತ್ತಿಡಬಹುದು. ಮೂತಿಯಲ್ಲಿ ಹೆಪ್ಪುಗಟ್ಟಿದ ತುಂಡು ಒಳಗಿನದಕ್ಕೆ ಬಿರಡೆಯಾಗಿ ಕಾಯುತ್ತದೆ. ಮುಂದಿನ ಸಲ ಸ್ಕ್ರೂ ಹಿಡಿದೆಳೆದರೆ ತುಂಡು ಸಮೇತ ಹೊರಬರುತ್ತದೆ. ದಿಢೀರ್ ಅಂಟಿನ ಟ್ಯೂಬನ್ನು, ಹೊಸ ಚಪ್ಪಲಿ ಅಥವಾ ಬ್ಯಾಗಿನೊಳಗೆ ಸಿಗುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡುವುದು ಸೂಕ್ತ. ಫ್ರಿಜ್‌ನಲ್ಲಿ ಇಟ್ಟಿದ್ದರೆ ಹೊರತೆಗೆದೊಡನೆ ಮುಚ್ಚಳ ಬಿಚ್ಚಬಾರದು. ತಣ್ಣನೆಯ ಟ್ಯೂಬಿನ ಮೇಲೆ ಕೂರುವ ಹನಿಯೇ ಅದನ್ನು ಕೆಡಿಸಲು ಸಾಕು.

ಎರಡು ಟ್ಯೂಬುಗಳ ಎಪಾಕ್ಸಿಗೆ ಇಷ್ಟೆಲ್ಲ ಆರೈಕೆ ಬೇಡ. ಮುಚ್ಚಳಗಳು ಅದಲುಬದಲಾಗದಂತೆ ಬಣ್ಣದ ಗುರುತು ಹಾಕಿದರಾಯಿತು.

ಎಲ್ಲಕ್ಕಿಂತ ವಿಚಿತ್ರವಾದದ್ದು ನಟ್ಟು-ಬೋಲ್ಟು ಸಡಿಲವಾಗದಂತೆ ಮೆಕ್ಯಾನಿಕ್‌ಗಳು ಹಚ್ಚುವ ದ್ರವ. ಅಮೆರಿಕದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಲಾಕ್‌ಟೈಟ್ ಈ ಬಗೆಯದು. ಆಮ್ಲಜನಕ ಇರುವವರೆಗೆ ದ್ರವವಾಗಿಯೇ ಇರುವ ಇದು, ಲೋಹಗಳ ನಡುವಿನ ಗಾಳಿಯಿಲ್ಲದ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಬಾಟಲಿಯನ್ನು ತಯಾರಕರು ಪೂರ್ತಿ ತುಂಬಿಸದೆ ಮಾರುವುದು ಮೋಸವಲ್ಲ. ಒಳಗಿನ ಗಾಳಿಯೇ ಇದನ್ನು ಕಾಪಾಡುತ್ತದೆ. ಬಿಳಿ ಅಂಟಿಗೆ ಅನ್ವಯಿಸುವ ‘ಚಿಕ್ಕ ಡಬ್ಬಿಗೆ ಸುರಿ’ ಎಂಬ ಉಪಾಯ ಇಲ್ಲಿ ಪೂರ್ತಿ ತಲೆಕೆಳಗು. ಬಾಟಲಿಯ ಮೂತಿಯನ್ನು ಬೋಲ್ಟಿಗೆ ಉಜ್ಜುವುದೂ ಸಲ್ಲದು, ಏಕೆಂದರೆ ಅಂಟಿಕೊಂಡು ಒಳಸೇರುವ ಲೋಹದ ಪುಡಿ ಇಡೀ ಬಾಟಲಿಯನ್ನು ಕೆಡಿಸಬಲ್ಲದು.

ಕೆಟ್ಟ ಅಂಟನ್ನು ಎಸೆಯಲು ಮನಸ್ಸು ಬಾರದೆ ಹೇಗೋ ಬಳಸಿಬಿಡುವವರೂ ಇದ್ದಾರೆ. ಅಂಟಿನ ಬೆಲೆ ಕೆಲವು ನೂರು ರೂಪಾಯಿ ಇರಬಹುದು. ಆದರೆ ಗಂಟುಗಟ್ಟಿದ ಗ್ಯಾಸ್ಕೆಟ್ ಸೀಲೆಂಟಿನ ಚೂರು ಎಂಜಿನ್ನಿನ ಎಣ್ಣೆಯ ದಾರಿಯಲ್ಲಿ ಸಿಕ್ಕಿಕೊಂಡರೆ, ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಕಟಾವಿನ ದಿನವೇ ಯಂತ್ರ ನಿಂತುಬಿಡಬಹುದು. ಡಬ್ಬಿ ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆದಿಡಲು ಒಂದು ಪೆನ್ನು ಸಾಕು.